ನಿಮಗಿದು ಗೊತ್ತೆ? ಪರಿಮಳಕ್ಕೂ ಪರೀಕ್ಷೆ

ಅಮೆರಿಕದಲ್ಲಿ ಐಸ್‌ಕ್ರೀಂ, ಚ್ಯೂಯಿಂಗ್ ಗಮ್‌ಗಳಿಗೆ ಪರಿಮಳ ಕೊಡುವ ಬಹುತೇಕ ರಾಸಾಯನಿಕಗಳ ಸುರಕ್ಷತೆಯನ್ನು ಮೊದಲು ಅಳೆಯುವುದು ಸರ್ಕಾರವಲ್ಲ! ತಜ್ಞರು ಸುರಕ್ಷಿತವೆಂದು ಸಾಮಾನ್ಯವಾಗಿ ಒಪ್ಪಿದ ಪದಾರ್ಥಗಳಿಗೆ 1958ರ ಕಾನೂನು ತಿದ್ದುಪಡಿ ಪೂರ್ವಾನುಮತಿಯಿಂದ ವಿನಾಯಿತಿ ಕೊಟ್ಟಿತು. 1960ರಿಂದ ಪರಿಮಳಗಳ ಸುರಕ್ಷತೆ ಅಳೆಯುವ ಕೆಲಸ ಮಾಡುತ್ತಿರುವುದು ಪರಿಮಳ ಉದ್ಯಮದ ಸಂಘವಾದ ‘ಫೆಮಾ’ ನೇಮಿಸಿದ ತಜ್ಞರ ಸಮಿತಿ. ಅಣುವಿನ ರಚನೆ, ದೇಹದಲ್ಲಿ ಅದು ಮಾರ್ಪಡುವ ಬಗೆ, ಜನ ಸೇವಿಸುವ ಪ್ರಮಾಣ, ವಿಷಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಅದು ತೂಗಿ ನೋಡುತ್ತದೆ. ಉದ್ಯಮವೇ ನೇಮಿಸಿದವರ ತೀರ್ಪನ್ನು ಸರ್ಕಾರವೂ ಆಗಾಗ ಪರಿಶೀಲಿಸಲೇಬೇಕು.

ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ವಸ್ತುವನ್ನು ಆಹಾರಕ್ಕೆ ಸೇರಿಸಕೂಡದೆಂಬ ‘ಡಿಲೇನಿ’ ನಿಯಮದಡಿ 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ) ಆರು ಕೃತಕ ಪರಿಮಳಗಳ ಅನುಮತಿ ಹಿಂಪಡೆಯಿತು. ಬಳಕೆಯ ಪ್ರಮಾಣದಲ್ಲಿ ಅಪಾಯವಿಲ್ಲವೆಂದು ಅದೇ ಹೇಳಿದರೂ ಕಾನೂನು ಬೇರೆ ದಾರಿ ಬಿಟ್ಟಿರಲಿಲ್ಲ. ಆರರಲ್ಲೊಂದು ಮಿರ್ಸೀನ್. ಮಾವಿನಹಣ್ಣು, ಮಜ್ಜಿಗೆಹುಲ್ಲುಗಳಲ್ಲಿ ಅದು ಸಹಜವಾಗಿಯೇ ಇದೆ, ಹಾಗೆ ಸಹಜವಾಗಿರುವ ಮಿರ್ಸೀನ್‌ಗೆ ನಿಷೇಧವಿಲ್ಲ.