ಸುಬ್ಬನ ಲಾಗ್‌ಬುಕ್



ಮೈಕಿನ ಮುಂದೆ ಕೂತಾಗ ನಮ್ಮ ಮನೆಯ ಬೆಕ್ಕಿನ ಮಾತು ಒಂದೆರಡು ಸಲ ಬಾಯಿ ತಪ್ಪಿ ಬಂದದ್ದುಂಟು. ಅಂದಿನಿಂದ "ಸುಬ್ಬ ಹೇಗಿದ್ದಾನೆ?" ಎಂದು ಮಾಟುಂಗದಿಂದ, ಠಾಣೆಯಿಂದ, ಡೊಂಬಿವಲಿಯಿಂದ ಕೇಳುತ್ತಲೇ ಇದ್ದೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಹತ್ತು ವರ್ಷ ದಾಟಿದ ಬೆಕ್ಕುಗಳಿವೆಯಂತೆ. ಆದ್ದರಿಂದ ಈ ಸಂಚಿಕೆಯಲ್ಲಿ ಹಾಡು, ನಾಟಕಗಳ ವಿಷಯ ಪಕ್ಕಕ್ಕಿಟ್ಟು, ಸಕ್ಕರೆ ಕಾಯಿಲೆ ಬಂದ ಮುದಿ ಬೆಕ್ಕನ್ನು ನೋಡಿಕೊಳ್ಳುವುದು ಹೇಗೆ ಎಂದು ಹೇಳುತ್ತೇನೆ. ನಾನು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳುತ್ತೇನೆ.

ಸುಬ್ಬನಿಗೆ ಹದಿಮೂರು ತುಂಬಿದ ವರ್ಷ ಅವನ ನೀರಿನ ಬಟ್ಟಲು ಬೇಗ ಬೇಗ ಖಾಲಿಯಾಗತೊಡಗಿತು. "ಬೇಸಿಗೆ, ಕುಡೀಲಿ ಬಿಡು" ಎಂದರು ಅಮ್ಮ. ಮರಳಿನ ತಟ್ಟೆ ದಿನಕ್ಕೆರಡು ಸಲ ಒದ್ದೆ ಮುದ್ದೆಯಾಗುತ್ತಿತ್ತು. ಹೊಟ್ಟೆಬಾಕನಂತೆ ತಿನ್ನುತ್ತಿದ್ದ, ಆದರೂ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಕೊನೆಗೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯಲು ಶುರುಮಾಡಿದಾಗ ವೈದ್ಯರ ಬಳಿ ಓಡಿದೆವು. ಮಿತ್ರರೇ, ಹೆಚ್ಚು ಬಾಯಾರಿಕೆ, ಹೆಚ್ಚು ಮೂತ್ರ, ತಿಂದರೂ ಇಳಿಯುವ ತೂಕ, ಈ ಮೂರು ಒಟ್ಟಿಗೆ ಕಂಡರೆ ಬೇಸಿಗೆಯನ್ನು ದೂರಬೇಡಿ. ಹಿಮ್ಮಡಿ ಊರಿ ನಡೆಯುವುದು ಕಾಲಿನ ನರಗಳಿಗೆ ಪೆಟ್ಟು ಬಿದ್ದ ಗುರುತು. ಅಷ್ಟರವರೆಗೆ ಕಾಯಬಾರದಿತ್ತು.

ಬೆಕ್ಕಿಗೇಕೆ ಸಕ್ಕರೆ ಕಾಯಿಲೆ?

ನಮ್ಮ ಹಿರಿಯರಿಗೆ ಬರುವಂಥದ್ದೇ ಹೆಚ್ಚಾಗಿ ಬೆಕ್ಕಿಗೂ ಬರುತ್ತದೆ. ಇನ್ಸುಲಿನ್ ಮೈಗೆ ಹಿಡಿಯುವುದಿಲ್ಲ, ಕ್ರಮೇಣ ಮೇದೋಜೀರಕ ಗ್ರಂಥಿಯೂ ಸೋಲುತ್ತದೆ. ವಯಸ್ಸಾದ, ದಪ್ಪಗಿರುವ, ಸಂತಾನಶಕ್ತಿ ಹರಣ ಮಾಡಿಸಿದ, ಮನೆಯೊಳಗೇ ಮಲಗಿ ಕಾಲ ಕಳೆಯುವ ಗಂಡು ಬೆಕ್ಕುಗಳಿಗೆ ಅಪಾಯ ಹೆಚ್ಚು. ಸುಬ್ಬ ಈ ಪಟ್ಟಿಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬೇರೆ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಔಷಧಿಯಿಂದಲೂ ಇದು ಶುರುವಾಗಬಹುದು.

ಪರೀಕ್ಷೆಯಲ್ಲೂ ಒಂದು ಗೊಂದಲವಿದೆ. ಬುಟ್ಟಿಯಲ್ಲಿ ಕೂರಿಸಿ, ರಿಕ್ಷಾದಲ್ಲಿ ಕುಲುಕಿಸಿ, ನಾಯಿಗಳ ನಡುವೆ ಕಾಯಿಸಿದರೆ ಆರೋಗ್ಯವಂತ ಬೆಕ್ಕಿನ ಸಕ್ಕರೆಯೂ ಭಯಕ್ಕೆ ಏರುತ್ತದೆ. ಅದಕ್ಕೇ ವೈದ್ಯರು ಒಂದೇ ರಕ್ತಪರೀಕ್ಷೆಯನ್ನು ನಂಬದೆ ಮೂತ್ರವನ್ನೂ ನೋಡುತ್ತಾರೆ. ಹಿಂದಿನ 2-3 ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಹೇಳಬಹುದು. ಮುದಿ ಬೆಕ್ಕು ಹೆಚ್ಚು ನೀರು ಕುಡಿಯಲು ಮೂತ್ರಪಿಂಡ ಅಥವಾ ಥೈರಾಯ್ಡ್ ಕೂಡ ಕಾರಣವಿರಬಹುದು. ಆ ಪರೀಕ್ಷೆಗಳೂ ಬೇಕು.

ಊಟ ಮತ್ತು ಸೂಜಿ

ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ನಮ್ಮ ಸುಬ್ಬ ಹಾಗಲ್ಲ. ಹಾಲು, ಮೊಸರನ್ನ, ಅಮ್ಮನ ಇಡ್ಲಿಯ ಚೂರು ಎಲ್ಲವೂ ಅವನಿಗೆ ಬೇಕು. ಆದರೆ ಬೆಕ್ಕು ಹುಟ್ಟು ಮಾಂಸಾಹಾರಿ. ಅನ್ನ, ಗೋಧಿ, ಜೋಳದ ಪಿಷ್ಟ ಅದರ ಮೈಗೆ ಒಗ್ಗಿದ್ದಲ್ಲ. ವೈದ್ಯರು ಅನ್ನ, ಹಾಲು ನಿಲ್ಲಿಸಿ, ಒಣ ಕಾಳಿನ ಆಹಾರ ತಗ್ಗಿಸಿ, ಪಿಷ್ಟ ಕಡಿಮೆ ಇರುವ ಹಸಿ ಡಬ್ಬಿ ಆಹಾರಕ್ಕೆ ಬದಲಾಯಿಸಿದರು. ಈ ಬದಲಾವಣೆ ನಿಧಾನವಾಗಿರಲಿ, ವೈದ್ಯರಿಗೆ ತಿಳಿದೇ ಆಗಲಿ. ಆಹಾರ ಬದಲಾದಾಗ ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾಗಬಹುದು.

ಇನ್ಸುಲಿನ್ ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆರಡು ಸಲ. ಕತ್ತಿನ ಹಿಂದೆ ಅಥವಾ ಪಕ್ಕೆಯ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ, ಅದರ ಬುಡಕ್ಕೆ ಚುಚ್ಚಬೇಕು. ಪ್ರತಿ ಸಲ ಜಾಗ ಸ್ವಲ್ಪ ಬದಲಿಸಬೇಕು. ಸೂಜಿ ಎಷ್ಟು ಸಣ್ಣದೆಂದರೆ ತಿನ್ನುವ ಗಮನದಲ್ಲಿರುವ ಸುಬ್ಬ ತಲೆಯನ್ನೂ ಎತ್ತುತ್ತಿರಲಿಲ್ಲ. ಸೀಸೆ ಫ್ರಿಜ್‌ನಲ್ಲಿರಬೇಕು, ಫ್ರೀಜರ್‌ನಲ್ಲಲ್ಲ. ಜೋರಾಗಿ ಅಲ್ಲಾಡಿಸಬಾರದು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ನಮ್ಮ ದೇಶದ ಮೆಡಿಕಲ್ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, ಇನ್ನೊಂದು 100 ಯೂನಿಟ್ ಇರುವುದು. ಸಿರಿಂಜ್‌ಗಳೂ ಎರಡು ಬಗೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಒಂದು ಗೆರೆ ಎಂದುಕೊಂಡದ್ದು ಎರಡೂವರೆ ಯೂನಿಟ್ ಆಗುತ್ತದೆ. ಒಂದೆರಡು ಯೂನಿಟ್ ಮಾತ್ರ ಪಡೆಯುವ ನಾಲ್ಕು ಕಿಲೋ ಜೀವಕ್ಕೆ ಅದು ಪ್ರಾಣಾಂತಿಕ. ಮನೆಯಲ್ಲಿ ಅಜ್ಜನಿಗೂ ಇನ್ಸುಲಿನ್ ಇದ್ದರೆ ಇಬ್ಬರ ಡಬ್ಬಿ ಬೇರೆ ಬೇರೆ ಇಡಿ. ಪ್ರತಿ ಸಲ ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಹೋಲಿಸಿ ನೋಡಿ.

ಆ ರಾತ್ರಿ

ಈಗ ನನ್ನ ತಪ್ಪಿಗೆ ಬರುತ್ತೇನೆ. ಬೆಳಗ್ಗೆ 8, ಸಂಜೆ 8 ಸುಬ್ಬನ ಹೊತ್ತು. ಸಂಜೆ ಪ್ರಸಾರವಿದ್ದ ದಿನ ಅಮ್ಮ ಚುಚ್ಚುತ್ತಿದ್ದರು. ಒಂದು ದಿನ ಕೆಲಸ ಬೇಗ ಮುಗಿದು, ಲೋಕಲ್‌ ಟ್ರೇನೂ ಹೊತ್ತಿಗೆ ಸಿಕ್ಕಿ, ಎಂಟೂವರೆಗೆ ಮನೆಯಲ್ಲಿದ್ದೆ. ಅಮ್ಮ ಪಕ್ಕದ ಮನೆಯ ಭಜನೆಗೆ ಹೋಗಿದ್ದರು. ಸುಬ್ಬ ಬಟ್ಟಲ ಮುಂದೆ ಕೂತು ಕೂಗಿದ. ತಡವಾಯಿತೆಂದು ಊಟ ಹಾಕಿ ಚುಚ್ಚಿದೆ. ಒಂಬತ್ತಕ್ಕೆ ಬಂದ ಅಮ್ಮ ಚಪ್ಪಲಿ ಬಿಡುತ್ತಲೇ, "ಸುಬ್ಬಂಗೆ ಎಂಟಕ್ಕೇ ಚುಚ್ಚಿ ಹೋದೆ ಕಣೇ" ಎಂದರು.

ಕೈಕಾಲು ತಣ್ಣಗಾಯಿತು. ವೈದ್ಯರಿಗೆ ಫೋನ್ ಮಾಡಿದೆ. ಇನ್ನಷ್ಟು ತಿನ್ನಿಸಿ, ಗಂಟೆಗೊಮ್ಮೆ ಕಿವಿಯಂಚಿನ ರಕ್ತ ಪರೀಕ್ಷಿಸಿ, ಇಳಿಯುತ್ತಾ ಹೋದರೆ ಕರೆತನ್ನಿ ಎಂದರು. ಹನ್ನೆರಡೂವರೆಗೆ ಸುಬ್ಬ ಕುಡಿದವನಂತೆ ತೂರಾಡಿ ಗೋಡೆಗೆ ಒರಗಿದ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಗ್ಲುಕೋಮೀಟರ್ 48 ತೋರಿಸಿತು. ಜೇನುತುಪ್ಪವನ್ನು ಬೆರಳಲ್ಲಿ ಅದ್ದಿ ಅವನ ವಸಡಿಗೆ ಸವರಿದೆ. ಬಾಯಿಗೆ ಸುರಿಯಬಾರದು, ಉಸಿರಿನ ನಾಳಕ್ಕೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ನಾಲಿಗೆ ಆಡಿಸಿದ. ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು. ಬೆಳಗಿನವರೆಗೆ ಗ್ಲುಕೋಸ್ ಡ್ರಿಪ್ ಹಾಕಿದರು. ಸುಬ್ಬ ಉಳಿದ.

ಮನೆಗೆ ಬರುವಾಗ ಒಂದೇ ಯೋಚನೆ. ಸ್ಟುಡಿಯೋದಲ್ಲಿ ಯಾವ ಹಾಡು ಎಷ್ಟು ಗಂಟೆಗೆ ಹೋಯಿತೆಂದು ಲಾಗ್‌ಬುಕ್‌ನಲ್ಲಿ ಬರೆಯದೆ ನಾವು ಕುರ್ಚಿ ಬಿಡುವುದಿಲ್ಲ. ಮುಂದಿನ ಪಾಳಿಯವರು ಅದನ್ನು ನೋಡಿಯೇ ಮೈಕ್ ತೆರೆಯುತ್ತಾರೆ. ಮೂರು ನಿಮಿಷದ ಹಾಡಿಗೆ ಇದ್ದ ಶಿಸ್ತು ಒಂದು ಜೀವಕ್ಕೆ ಇರಲಿಲ್ಲ.

ಅವತ್ತೇ ಇನ್ಸುಲಿನ್ ಇಡುವ ಫ್ರಿಜ್ಜಿನ ಬಾಗಿಲಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದೆವು. ಸಮಯ, ತಿಂದನೇ, ಎಷ್ಟು ಯೂನಿಟ್, ಚುಚ್ಚಿದವರು ಯಾರು, ಹೀಗೆ ನಾಲ್ಕು ಕಲಂ. ಬರೆದಿದ್ದರೆ ಸೂಜಿ ಮುಟ್ಟುವಂತಿಲ್ಲ. ಕೊಟ್ಟೆವೋ ಇಲ್ಲವೋ ಎಂಬ ಅನುಮಾನವಿದ್ದರೆ ಆ ಹೊತ್ತಿನದು ಬೇಡ. ಒಂದು ಸಲ ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ ಅಷ್ಟೆ. ಎರಡು ಸಲ ಬಿದ್ದರೆ ಜೀವ ಹೋಗಬಹುದು. ತಿನ್ನದಿದ್ದರೆ, ವಾಂತಿಯಾದರೆ ಚುಚ್ಚದೆ ಮೊದಲು ವೈದ್ಯರನ್ನು ಕೇಳಿ. ಹಾಗೆಂದು ದಿನಗಟ್ಟಲೆ ಬಿಡುವಂತಿಲ್ಲ. ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಸೇರಿದರೆ ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿ, ಮುದುಡಿ ಮಲಗುತ್ತದೆ. ಅದು ಮನೆಮದ್ದಿನ ಹೊತ್ತಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಗುಣವಾಗುತ್ತದೆಯೇ?

ಕೆಲವಕ್ಕೆ ಆಗುತ್ತದೆ ಎನ್ನುವುದೇ ಸಂತೋಷದ ಸುದ್ದಿ. ಬೇಗ ಗುರುತಿಸಿ ಇನ್ಸುಲಿನ್ ಮತ್ತು ಸರಿಯಾದ ಆಹಾರ ಶುರುಮಾಡಿದರೆ ಕೆಲವು ಬೆಕ್ಕುಗಳಿಗೆ ತಿಂಗಳುಗಳಲ್ಲಿ ಸೂಜಿಯೇ ಬೇಡವಾಗುತ್ತದೆ. ಆದರೆ ಕಾಯಿಲೆ ಮರಳಬಹುದು, ಕಣ್ಣಿಟ್ಟಿರಬೇಕು. ಅಮೆರಿಕದಲ್ಲಿ 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ದ್ರವ ಔಷಧಿಗೆ ಬೆಕ್ಕುಗಳಿಗಾಗಿ ಅನುಮತಿ ಸಿಕ್ಕಿದೆ. ಎರಡೂ ಬಾಯಿಗೆ ಕೊಡುವಂಥವು. ಆದರೆ ಆಗಲೇ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕುಗಳಿಗೆ ಅವು ಹೇಳಿಸಿದ್ದಲ್ಲ. ಮನೆಯವರ ಶುಗರ್ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಸಾಹಸವಂತೂ ಬೇಡವೇ ಬೇಡ.

ಸುಬ್ಬನಿಗೆ ಸೂಜಿ ತಪ್ಪಲಿಲ್ಲ. ಆದರೂ ಆ ರಾತ್ರಿಯ ನಂತರ ಹದಿನಾಲ್ಕು ತಿಂಗಳು ನಮ್ಮೊಡನಿದ್ದ. ತೂಕ ಮರಳಿತು, ಹಿಮ್ಮಡಿ ನೆಲದಿಂದ ಮೇಲೆದ್ದಿತು, ಕಿಟಕಿಯ ಕಟ್ಟೆಗೆ ಮತ್ತೆ ಹಾರಿದ. ಕೊನೆಗೆ ಸೋತದ್ದು ಮೂತ್ರಪಿಂಡ. ತಿನ್ನುವುದನ್ನೂ ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟ. ಚೆನ್ನಾಗಿರುವ ದಿನಗಳಿಗಿಂತ ನರಳುವ ದಿನಗಳೇ ಹೆಚ್ಚಾದದ್ದು ನೋಟ್‌ಬುಕ್ಕಿನಲ್ಲೇ ಕಾಣುತ್ತಿತ್ತು. ಅದನ್ನು ನೋಡಿಯೇ ವೈದ್ಯರು, ಅಮ್ಮ, ನಾನು ಕೂತು ಮಾತಾಡಿ, ನೋವಿಲ್ಲದೆ ಕಳಿಸಿಕೊಟ್ಟೆವು. ನಮ್ಮ ಮಡಿಲಲ್ಲೇ ಹೋದ.

ಆ ನೋಟ್‌ಬುಕ್ ಈಗಲೂ ಇದೆ. ನನ್ನ ಸಾಲುಗಳಲ್ಲಿ ಬರೀ ಅಂಕಿಗಳು. ಅಮ್ಮನ ಅಕ್ಷರದಲ್ಲಿ ಮಾತ್ರ, "8 ಗಂಟೆ. ತಿಂದ. ಚುಚ್ಚಿದೆ. ಪುಣ್ಯಾತ್ಮ ಕಚ್ಚಲಿಲ್ಲ."

ನಿಮ್ಮ ಮನೆಯ ಮುದುಕ ಮುದುಕಿಯರ ನೀರಿನ ಬಟ್ಟಲನ್ನು ಇವತ್ತೊಮ್ಮೆ ಗಮನಿಸಿ. ಮತ್ತೆ ಪ್ರಸಾರದಲ್ಲಿ ಸಿಗೋಣ.