ಗ್ರೂಪು ಹೊಂದಿತು, ಮೈ ಒಪ್ಪಲಿಲ್ಲ!

ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸಿಳಿಯುವವರನ್ನು ನೋಡಿ. ಒಬ್ಬರ ಕೈಲಿ ಫ್ಲಾಸ್ಕು, ಇನ್ನೊಬ್ಬರ ಕೈಲಿ ರಕ್ತದ ಚೀಟಿ. 'ಗ್ರೂಪು ಮ್ಯಾಚಾಯ್ತಂತೆ, ಇನ್ನೇನೂ ಭಯವಿಲ್ಲ ಬಿಡಿ' ಎಂಬ ಸಮಾಧಾನ.

ಬಹುಪಾಲು ಸಲ ಆ ಮಾತು ಸರಿಯೇ. ರಕ್ತ ಏರಿಸುವಾಗ ಒಮ್ಮೊಮ್ಮೆ ತುರಿಕೆ, ದದ್ದು ಆಗುವುದುಂಟು. ಔಷಧಿ ಕೊಟ್ಟರೆ ಇಳಿಯುತ್ತೆ. ಆದರೆ ತೀರಾ ಅಪರೂಪಕ್ಕೆ, ಸ್ವಲ್ಪ ರಕ್ತ ಒಳಗೆ ಹೋಗುವಷ್ಟರಲ್ಲೇ ಉಸಿರು ಕಟ್ಟಿ, ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತು ಬರುತ್ತದೆ. ಗ್ರೂಪು ಸರಿಯಿದ್ದೂ ಯಾಕೆ ಹೀಗೆ?

ಕ್ರಾಸ್‌ಮ್ಯಾಚ್ ನೋಡುವುದು ಕೆಂಪು ಕಣಗಳ ಹೊಂದಾಣಿಕೆಯನ್ನು. ಚೀಲದಲ್ಲಿ ಕಣಗಳ ಜತೆ ಒಂದಿಷ್ಟು ಪ್ಲಾಸ್ಮಾವೂ ಇರುತ್ತಲ್ಲ, ಅದರಲ್ಲಿ ಐಜಿಎ ಎಂಬ ಪ್ರೋಟೀನುಂಟು. ಕೆಲವರ ಮೈಯಲ್ಲಿ ಇದು ಇರುವುದೇ ಇಲ್ಲ. ಆರೋಗ್ಯವಾಗಿ ಓಡಾಡಿಕೊಂಡಿರುವ ಅವರಿಗೆ ಅದು ಗೊತ್ತೂ ಇರುವುದಿಲ್ಲ. ಇಂಥವರ ಪೈಕಿ ಕೆಲವರ ರಕ್ತದಲ್ಲಿ ಐಜಿಎ ವಿರುದ್ಧವೇ ಪ್ರತಿಕಾಯ ಬೆಳೆದಿರುತ್ತದೆ. ಬೇರೆಯವರ ಪ್ಲಾಸ್ಮಾ ಬಂತೋ, ಕಾಳಗ ಶುರು! ಗಿರೀಶ್ ವ್ಯಾಸ್ ಮತ್ತು ಸಂಗಡಿಗರು 1968ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ನಂಟನ್ನು ಬರೆದಿದ್ದರು.

ಇದಕ್ಕೆ ಪರೀಕ್ಷೆ ಇದೆ. ಮೊದಲು ಐಜಿಎ ಎಷ್ಟಿದೆ ಎಂದು ಅಳೆಯುತ್ತಾರೆ. ಇಲ್ಲವೇ ಇಲ್ಲ ಎಂದಾದರೆ ಪ್ರತಿಕಾಯ ಹುಡುಕುತ್ತಾರೆ. ಎಲ್ಲ ಲ್ಯಾಬಿನಲ್ಲೂ ಆಗುವ ಕೆಲಸವಲ್ಲ, ಸ್ಯಾಂಪಲ್ಲು ಹೊರಗೆ ಕಳಿಸಬೇಕಾಗುತ್ತದೆ. ಅದೂ ರಕ್ತ ಏರಿಸುವ ಮುಂಚೆ ತೆಗೆದದ್ದಾಗಿರಬೇಕು. ಆಮೇಲಿನದಾದರೆ ದಾನಿಯ ಐಜಿಎ ಬೆರೆತು ಲೆಕ್ಕ ತಪ್ಪುತ್ತೆ. ಕ್ರಾಸ್‌ಮ್ಯಾಚಿಗೆ ಕೊಟ್ಟ ಟ್ಯೂಬು ರಕ್ತನಿಧಿಯಲ್ಲಿ ಉಳಿದಿದ್ದರೆ ಅದೇ ಆಸರೆ.

ಪ್ರತಿಕಾಯ ಸಿಕ್ಕಿತು ಅನ್ನಿ. ಆಗಲೂ ದಾರಿಯುಂಟು. ಕೆಂಪು ಕಣಗಳನ್ನು ಸಲೈನಿನಲ್ಲಿ ತೊಳೆದು, ಪ್ಲಾಸ್ಮಾ ತೆಗೆದು ಕೊಡುತ್ತಾರೆ. ತೊಳೆದ ರಕ್ತ 24 ಗಂಟೆಯೊಳಗೆ ಬಳಕೆಯಾಗಬೇಕು; ಹಾಗಾಗಿ ರಕ್ತನಿಧಿಗೆ ಮುಂಚೆಯೇ ತಿಳಿಸಬೇಕು.

ರಕ್ತ ಏರುವಾಗ ತುರಿಕೆ, ಉಬ್ಬಸ, ಎದೆ ಬಿಗಿತ ಕಂಡರೆ 'ಚೀಲ ಮುಗಿಯಲಿ' ಅಂತ ಕಾಯಬೇಡಿ, ತಕ್ಷಣ ಸಿಸ್ಟರನ್ನು ಕೂಗಿ. ಇಂಥ ತೊಂದರೆಗಳನ್ನು ವರದಿ ಮಾಡಲೆಂದೇ ದೇಶದಲ್ಲಿ 2012ರ ಡಿಸೆಂಬರಿನಿಂದ ಒಂದು ವ್ಯವಸ್ಥೆಯೂ ಇದೆ. ಆದರೆ ಆ ಫಾರಂ ನಿಮ್ಮ ಜೇಬಿನಲ್ಲಿ ಇರೋದಿಲ್ಲವಲ್ಲ! ಮುಂದಿನ ಸಲ ಬೇರೆ ಊರು, ಬೇರೆ ಡಾಕ್ಟರು ಇರಬಹುದು.

ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಆದದ್ದನ್ನು ಬರೆಸಿಕೊಳ್ಳಿ, ಜೋಪಾನ ಮಾಡಿ, ಮನೆಯವರಿಗೂ ಹೇಳಿಡಿ. ಉದ್ರಿ ಲೆಕ್ಕ ಬರೆದಿಡಲು ಮರೆಯದ ನಾವು, ಇದನ್ನು ಮರೆಯಬಾರದು ನೋಡಿ.