ಹೃದಯದ ಚೀಲಕ್ಕೆ ಉರಿಯೂತ: ಹಣ ಹರಿದದ್ದು ಯಾವ ಕಡೆಗೆ?

2021ರಲ್ಲಿ 3.85 ಕೋಟಿ ಡಾಲರ್. ಮರುವರ್ಷ 12.25 ಕೋಟಿ. 2023ರಲ್ಲಿ 23.32 ಕೋಟಿ. 2024ರಲ್ಲಿ 41.7 ಕೋಟಿ. ಇದು ಅಮೆರಿಕದ ಮಾರುಕಟ್ಟೆಯಲ್ಲಿ ಒಂದೇ ಒಂದು ಚುಚ್ಚುಮದ್ದು ಮಾಡಿದ ವಹಿವಾಟು. ಮದ್ದಿನ ಹೆಸರು ರಿಲೊನಾಸೆಪ್ಟ್. ಕಿನಿಕ್ಸಾ ಎಂಬ ಕಂಪನಿ ಅದನ್ನು ಆರ್ಕಾಲಿಸ್ಟ್ ಎಂಬ ಹೆಸರಿನಲ್ಲಿ ಮಾರುತ್ತದೆ. ಅದು ಹತೋಟಿಗೆ ತರುವ ಕಾಯಿಲೆ ಮಾತ್ರ ನಮ್ಮಲ್ಲಿ ಬಹುಮಂದಿ ಹೆಸರೇ ಕೇಳಿರದಂಥದ್ದು: ಮರುಕಳಿಸುವ ಪೆರಿಕಾರ್ಡೈಟಿಸ್, ಅಂದರೆ ಹೃದಯಾವರಣದ ಉರಿಯೂತ.

ನಮ್ಮ ಹೃದಯವನ್ನು ಎರಡು ಪದರದ ತೆಳು ಚೀಲವೊಂದು ಸುತ್ತಿಕೊಂಡಿದೆ. ಪದರಗಳ ನಡುವೆ 15ರಿಂದ 50 ಮಿಲಿಲೀಟರ್‌ನಷ್ಟು ದ್ರವ, ಗಾಡಿಯ ಅಚ್ಚಿಗೆ ಬಿಟ್ಟ ಕೀಲೆಣ್ಣೆಯ ಹಾಗೆ. ಆ ಚೀಲ ಉರಿಯೂತಕ್ಕೆ ಸಿಕ್ಕಾಗ ಎದೆಯಲ್ಲಿ ಇರಿದಂಥ ನೋವು ಬರುತ್ತದೆ. ಅಂಗಾತ ಮಲಗಿದರೆ, ಉಸಿರು ಎಳೆದುಕೊಂಡರೆ ಅದು ಹೆಚ್ಚುತ್ತದೆ. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ತುಸು ತಗ್ಗುತ್ತದೆ. ಹೃದಯಾಘಾತವೆಂದೇ ಹೆದರಿ ಮನೆಯವರು ಆಸ್ಪತ್ರೆಗೆ ಓಡುತ್ತಾರೆ, ಓಡುವುದೇ ಸರಿ ಕೂಡ. ಹೃದಯಾಘಾತವಲ್ಲದ ಎದೆನೋವಿನಿಂದ ತುರ್ತು ಚಿಕಿತ್ಸಾ ಘಟಕಕ್ಕೆ ಬರುವವರಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಇರುವುದು ಈ ಕಾಯಿಲೆ. ಬಹುಪಾಲು ವೈರಾಣುವಿನ ಸೋಂಕಿನ ಬೆನ್ನಿಗೆ ಬರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಬರಬಹುದು, ಲೂಪಸ್‌ನಂಥ ಕಾಯಿಲೆಗಳ ಜೊತೆಗೂ ಬರಬಹುದು. ಭಾರತ, ಆಫ್ರಿಕಾಗಳಂಥ ಕಡೆ ಇನ್ನೊಂದು ದೊಡ್ಡ ಕಾರಣವಿದೆ: ಕ್ಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಒಮ್ಮೆ ಬಂದು ಹೋದರೆ ಇದಕ್ಕೊಂದು ಮಾರುಕಟ್ಟೆಯೇ ಹುಟ್ಟುತ್ತಿರಲಿಲ್ಲ. ಸರಿಯಾದ ಮದ್ದು ಕೊಡದಿದ್ದರೆ ನೂರರಲ್ಲಿ 15ರಿಂದ 30 ಮಂದಿಗೆ ಇದು ಮರಳಿ ಬರುತ್ತದೆ. ಒಮ್ಮೆ ಮರಳಿದವರಲ್ಲಿ ಅರ್ಧದಷ್ಟು ಮಂದಿಗೆ ಮತ್ತೆಯೂ ಬರಬಹುದು. ಸ್ಟಿರಾಯ್ಡ್ ಕೊಟ್ಟರೆ ನೋವು ಬೇಗನೆ ಮಾಯವಾಗುತ್ತದೆ, ಡೋಸ್ ಇಳಿಸತೊಡಗಿದಾಗ ಎಷ್ಟೋ ಸಲ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಸ್ಟಿರಾಯ್ಡ್‌ನ ಹಂಗಿನಲ್ಲಿ ಉಳಿದು ಮುಖ ಊದಿಸಿಕೊಂಡು, ಮೂಳೆ ಸವೆಸಿಕೊಂಡು, ಸಕ್ಕರೆ ಏರಿಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಇದನ್ನು ಪತ್ತೆಮಾಡಲು ದುಬಾರಿ ಯಂತ್ರ ಬೇಕೇಬೇಕೆಂದಿಲ್ಲ. ನೋವಿನ ಲಕ್ಷಣ, ಸ್ಟೆತಸ್ಕೋಪಿಗೆ ಕೇಳುವ ಉಜ್ಜಾಟದ ಸದ್ದು, ಇಸಿಜಿಯಲ್ಲಿನ ಬದಲಾವಣೆ, ಎಕೋದಲ್ಲಿ ಕಾಣುವ ನೀರು. ಈ ನಾಲ್ಕರಲ್ಲಿ ಎರಡು ಸಿಕ್ಕರೆ ಸಾಕು ಎಂಬುದು ಬಹುಕಾಲ ವೈದ್ಯರು ಅನುಸರಿಸಿದ ನಿಯಮ. ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಏರಿದೆಯೇ ಎಂದು ನೋಡಿದರೆ ಉರಿಯೂತದ ಮಟ್ಟ ತಿಳಿಯುತ್ತದೆ. ಈಚೆಗೆ ಹೃದಯದ ಎಂಆರ್‌ಐ ಮುನ್ನೆಲೆಗೆ ಬಂದಿದೆ. ಚೀಲದ ಉರಿ ಆರಿದೆಯೇ, ಇನ್ನೂ ಒಳಗೇ ಹೊಗೆಯಾಡುತ್ತಿದೆಯೇ ಎಂಬುದನ್ನು ಅದು ತೋರಿಸಬಲ್ಲದು. 2025ರ ಆಗಸ್ಟ್‌ನಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ಹೃದಯದ ಸ್ನಾಯು ಮತ್ತು ಚೀಲ ಎರಡರ ಉರಿಯೂತಕ್ಕೂ ಸೇರಿಸಿ ಮೊದಲ ಬಾರಿಗೆ ಒಂದೇ ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಎಂಆರ್‌ಐಗೆ ದೊಡ್ಡ ಸ್ಥಾನ. ಕೋವಿಡ್ ಕಾಲದಲ್ಲಿ ಸೋಂಕಿನ ನಂತರದ, ಕೆಲವು ಲಸಿಕೆಗಳ ನಂತರದ ಹೃದಯದ ಉರಿಯೂತ ಸುದ್ದಿಯಾದದ್ದೂ ಈ ಪರೀಕ್ಷೆಯ ಬೇಡಿಕೆಯನ್ನು ಹೆಚ್ಚಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲಾ ಆಸ್ಪತ್ರೆಗೆ ಮೊದಲು ಬೇಕಾದದ್ದು ಎಂಆರ್‌ಐ ಅಲ್ಲ. ರಾತ್ರಿ ಪಾಳಿಯಲ್ಲೂ ಎಕೋ ಮಾಡಬಲ್ಲ ಒಬ್ಬ ವೈದ್ಯರು ಬೇಕು.

ಇನ್ನು ಮದ್ದಿನ ಕಥೆ. ಮಲೆನಾಡಿನಲ್ಲಿ ಮಳೆಗಾಲದ ಕೊನೆಗೆ, ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಕೆಂಪು-ಹಳದಿ ಎಸಳು ಮೇಲೆತ್ತಿ ಅರಳುವ ಗೌರಿ ಹೂವನ್ನು ನೋಡಿದ್ದೀರಲ್ಲ? ಅಗ್ನಿಶಿಖೆ ಎಂದೂ ಕರೆಯುತ್ತಾರೆ. ತಮಿಳುನಾಡಿನ ರಾಜ್ಯ ಪುಷ್ಪ ಅದೇ. ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ರಾಸಾಯನಿಕ ಇದೆ. ಗೆಡ್ಡೆ ತಿಂದರೆ ಜೀವವೇ ಹೋಗಬಹುದು. ಅದನ್ನು ತಿಂದು ಸತ್ತವರು ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ಇದ್ದಾರೆ. ಆದರೆ ಅರ್ಧ ಮಿಲಿಗ್ರಾಂ ಅಳತೆಯಲ್ಲಿ ಅದೇ ವಿಷ ಮದ್ದಾಗುತ್ತದೆ. ತಮಿಳುನಾಡಿನ ದಿಂಡಿಗಲ್, ಕರೂರು ಸೀಮೆಯ ರೈತರು ಈ ಬಳ್ಳಿಯನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಬೀಜ ಕೊಳ್ಳುವುದು ರಾಸಾಯನಿಕ ತೆಗೆಯುವ ಕಂಪನಿಗಳು. ವಿದೇಶಕ್ಕೆ ಹೋಗುವ ಈ ಮಾಲಿನ ಬೆಲೆ ಒಂದು ವರ್ಷ ಏರಿದರೆ ಇನ್ನೊಂದು ವರ್ಷ ಕುಸಿಯುತ್ತದೆ.

ಯುರೋಪಿನಲ್ಲಿ ಇದೇ ರಾಸಾಯನಿಕ ಕಾಲ್ಚಿಕಂ ಎಂಬ ಬೇರೊಂದು ಗಿಡದಿಂದ ಬರುತ್ತಿತ್ತು. ಈ ಗಿಡದ ಉಪಯೋಗ ಈಜಿಪ್ಟಿನ ಪುರಾತನ ವೈದ್ಯ ಗ್ರಂಥದಷ್ಟು ಹಳೆಯದು. 1820ರಲ್ಲಿ ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವಂತು ಇದರ ಸಾರವನ್ನು ಬೇರ್ಪಡಿಸಿದರು. ಶತಮಾನಗಳಿಂದ ಗೌಟ್ ರೋಗಕ್ಕೆ ಬಳಕೆಯಲ್ಲಿತ್ತು. 1987ರಲ್ಲಿ ಸ್ಪೇನಿನ ವೈದ್ಯರು ಮರುಕಳಿಸುವ ಪೆರಿಕಾರ್ಡೈಟಿಸ್ ಇದ್ದ ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡಿ, ಗುಣವಿದೆ ಎಂದು ಬರೆದರು. ಆಮೇಲೆ ಇಟಲಿಯ ಟ್ಯೂರಿನ್‌ನ ಮಾಸಿಮೊ ಇಮಾಜಿಯೊ ಈ ಕೆಲಸವನ್ನು ಕೈಗೆತ್ತಿಕೊಂಡರು. 2005ರಲ್ಲಿ 120 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಕಾಲ್ಚಿಸಿನ್ ತೆಗೆದುಕೊಂಡವರಲ್ಲಿ ಶೇ 10.7 ಮಂದಿಗೆ ಮಾತ್ರ ಕಾಯಿಲೆ ಮರಳಿತು. ತೆಗೆದುಕೊಳ್ಳದವರಲ್ಲಿ ಶೇ 32.3 ಮಂದಿಗೆ. ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು ಎಂಬ ಅಂಶವೂ ಹೊರಬಿತ್ತು. 2013ರಲ್ಲಿ 240 ರೋಗಿಗಳ ಮೇಲೆ, ಯಾರಿಗೆ ಮದ್ದು ಯಾರಿಗೆ ಹುಸಿ ಮಾತ್ರೆ ಎಂದು ವೈದ್ಯರಿಗೂ ತಿಳಿಯದ ಹಾಗೆ ನಡೆಸಿದ ಅಧ್ಯಯನ ಬಂತು: ಕಾಯಿಲೆ ಕಾಡಿದ್ದು ಕಾಲ್ಚಿಸಿನ್ ಕಡೆ ಶೇ 16.7 ಮಂದಿಗೆ, ಹುಸಿ ಮಾತ್ರೆಯ ಕಡೆ ಶೇ 37.5 ಮಂದಿಗೆ. ಇದಕ್ಕೆ ಹಣ ಕೊಟ್ಟವರಲ್ಲಿ ಟ್ಯೂರಿನ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಇತ್ತು. ಇಂದು ಜಗತ್ತಿನಾದ್ಯಂತ ಈ ಕಾಯಿಲೆಗೆ ಮೊದಲು ಬರೆದುಕೊಡುವುದು ಉರಿಯೂತ ತಗ್ಗಿಸುವ ಐಬುಪ್ರೊಫೆನ್‌ನಂಥ ಮಾತ್ರೆ, ಅದರ ಜೊತೆಗೆ ಕಾಲ್ಚಿಸಿನ್. ನಮ್ಮ ಔಷಧ ಅಂಗಡಿಯಲ್ಲಿ ಒಂದು ಮಾತ್ರೆಗೆ ಕೆಲವೇ ರೂಪಾಯಿ.

ಪೇಟೆಂಟ್ ಇಲ್ಲದ, ಒಡೆಯರಿಲ್ಲದ ಮದ್ದು ಇದು. ಹಾಗೆಂದು ಮಾರುಕಟ್ಟೆ ಇದನ್ನು ಸುಮ್ಮನೆ ಬಿಟ್ಟಿತೇ? ಅಮೆರಿಕದಲ್ಲಿ ಬಿಡಲಿಲ್ಲ. ಅಲ್ಲಿ ಕಾಲ್ಚಿಸಿನ್ ವಿಧಿವತ್ತಾದ ಒಪ್ಪಿಗೆಯಿಲ್ಲದೆ ಬಳಕೆಯಲ್ಲಿದ್ದ ಹಳೆಯ ಮದ್ದು. 2009ರಲ್ಲಿ ಒಂದು ಕಂಪನಿ ಸಣ್ಣ ಅಧ್ಯಯನ ನಡೆಸಿ, ಕಾಲ್ಕ್ರಿಸ್ ಎಂಬ ಹೆಸರಿಗೆ ಒಪ್ಪಿಗೆ ಪಡೆಯಿತು. ಜೊತೆಗೆ ಕೆಲವು ವರ್ಷಗಳ ಏಕಸ್ವಾಮ್ಯವೂ ಸಿಕ್ಕಿತು. ಸುಮಾರು 9 ಸೆಂಟ್‌ಗೆ ಸಿಗುತ್ತಿದ್ದ ಮಾತ್ರೆ ಹತ್ತಿರಹತ್ತಿರ 5 ಡಾಲರ್ ಆಯಿತು. ಮಾತ್ರೆಯೊಳಗಿನ ವಸ್ತು ಅದೇ, ರೋಗಿಯೂ ಅವನೇ. ಬದಲಾದದ್ದು ಮಾರುವ ಹಕ್ಕು.

ರಿಲೊನಾಸೆಪ್ಟ್‌ನ ಕಥೆಯನ್ನು ಇದರ ಜೊತೆ ಒಂದೇ ತಕ್ಕಡಿಯಲ್ಲಿ ಹಾಕಿದರೆ ಅನ್ಯಾಯವಾಗುತ್ತದೆ. ಅದು ನಿಜಕ್ಕೂ ಒಳ್ಳೆಯ ಮದ್ದು. ಉರಿಯೂತವನ್ನು ಹೊತ್ತಿಸುವ ಇಂಟರ್‌ಲ್ಯೂಕಿನ್-1 ಎಂಬ ಅಣುವನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಇದೇ ದಾರಿಯ ಅನಾಕಿನ್ರಾ ಎಂಬ ಮದ್ದನ್ನು ಇಟಲಿಯ ವೈದ್ಯರು 21 ರೋಗಿಗಳ ಮೇಲೆ ಪರೀಕ್ಷಿಸಿ 2016ರಲ್ಲಿ ದಾರಿ ತೋರಿಸಿದ್ದರು. ರಿಲೊನಾಸೆಪ್ಟ್ ಅಧ್ಯಯನದಲ್ಲಿ ಮದ್ದು ಮುಂದುವರಿಸಿದ 30 ಮಂದಿಯಲ್ಲಿ ಇಬ್ಬರಿಗೆ ಕಾಯಿಲೆ ಮರಳಿತು. ಹುಸಿ ಮದ್ದಿಗೆ ಬದಲಾಯಿಸಿದ 31 ಮಂದಿಯಲ್ಲಿ 23 ಮಂದಿಗೆ. ಇಷ್ಟು ಸ್ಪಷ್ಟವಾದ ಫಲಿತಾಂಶ ವೈದ್ಯಶಾಸ್ತ್ರದಲ್ಲಿ ಅಪರೂಪ. 2021ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಮರುಕಳಿಸುವ ಪೆರಿಕಾರ್ಡೈಟಿಸ್‌ಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಮದ್ದು ಅದು. ಸ್ಟಿರಾಯ್ಡ್‌ನಿಂದ ಬಿಡಿಸಿಕೊಂಡು ಕೆಲಸಕ್ಕೆ ಮರಳಿದವರಿಗೆ ಅದು ಕೊಟ್ಟ ನೆಮ್ಮದಿಯನ್ನು ಯಾರೂ ಕಡೆಗಣಿಸಬಾರದು.

ಪ್ರಶ್ನೆ ಇರುವುದು ಬೆಲೆಯಲ್ಲಿ. ವಾರಕ್ಕೊಂದು ಚುಚ್ಚುಮದ್ದು; ವರ್ಷದ ಪಟ್ಟಿ ಬೆಲೆ ಎರಡು ಲಕ್ಷ ಡಾಲರ್ ದಾಟುತ್ತದೆ. ಮದ್ದು ನಿಲ್ಲಿಸಿದರೆ ಕಾಯಿಲೆ ಮರಳಬಹುದಾದ್ದರಿಂದ ರೋಗಿಗಳು ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ. ಅಮೆರಿಕದ 1983ರ ಕಾಯ್ದೆ, ಎರಡು ಲಕ್ಷಕ್ಕಿಂತ ಕಡಿಮೆ ಜನರಿಗೆ ಬರುವ ಕಾಯಿಲೆಗಳ ಮದ್ದಿಗೆ ಏಳು ವರ್ಷಗಳ ಏಕಸ್ವಾಮ್ಯ ಕೊಡುತ್ತದೆ. ವಿರಳ ಕಾಯಿಲೆಗಳ ರೋಗಿಗಳನ್ನು ಯಾರೂ ಕೇಳುವವರಿಲ್ಲ ಎಂಬ ಕಳಕಳಿಯಿಂದ ಹುಟ್ಟಿದ ಕಾಯ್ದೆ ಅದು. ಈಗ ಅದೇ ಏಕಸ್ವಾಮ್ಯ ಹೂಡಿಕೆದಾರರಿಗೆ ದೊಡ್ಡ ಆಕರ್ಷಣೆ. ಹಾಗಾಗಿಯೇ ಇನ್ನೂ ಹಲವರು ಕಣಕ್ಕಿಳಿದಿದ್ದಾರೆ: ಕಿನಿಕ್ಸಾದ್ದೇ ಇನ್ನೊಂದು ಹೊಸ ಚುಚ್ಚುಮದ್ದು, ಕೆನಡಾದ ಕಾರ್ಡಿಯೋಲ್ ಪರೀಕ್ಷಿಸುತ್ತಿರುವ ಕ್ಯಾನಬಿಡಿಯಾಲ್ ಮದ್ದು, ವೆಂಟಿಕ್ಸ್ ಎಂಬ ಕಂಪನಿ ರೂಪಿಸಿದ, ಬಾಯಿಗೆ ಹಾಕುವ ಮಾತ್ರೆ. ಮಾರುಕಟ್ಟೆ ವರದಿಗಳು ಇವನ್ನೆಲ್ಲ ಎಣಿಸಿ, ಬೆಳವಣಿಗೆಯ ರೇಖೆ ಎಳೆಯುತ್ತವೆ.

ಆ ರೇಖೆಯೊಳಗೆ ಬಾರದವರು ಯಾರು? ಕ್ಷಯದಿಂದ ಹೃದಯದ ಚೀಲ ಕೆಟ್ಟವರು. ಕ್ಷಯದ ರೋಗಾಣು ಚೀಲವನ್ನು ಸೇರಿದರೆ ಅಲ್ಲಿ ಮೆಲ್ಲಗೆ ನೀರು ತುಂಬುತ್ತದೆ. ತುಂಬಿ ತುಂಬಿ ಹೃದಯ ಅರಳಲಾಗದ ಸ್ಥಿತಿಗೆ ಬಂದರೆ ಸೂಜಿ ಚುಚ್ಚಿ ನೀರು ತೆಗೆಯಬೇಕು, ಅದೂ ಕೂಡಲೇ. ಬದುಕಿ ಉಳಿದವರಲ್ಲಿ ಕೆಲವರಿಗೆ ತಿಂಗಳುಗಳ ನಂತರ ಚೀಲ ದಪ್ಪಗಟ್ಟಿ, ಗಟ್ಟಿ ಕವಚವಾಗಿ ಹೃದಯವನ್ನು ಅಮುಕುತ್ತದೆ. ಹೊಟ್ಟೆ, ಕಾಲು ಊದಿಕೊಳ್ಳುತ್ತವೆ. ಎಷ್ಟೋ ಮಂದಿ ಲಿವರ್ ಕಾಯಿಲೆಯೆಂದು ತಿಳಿದು ಬೇರೆ ಬೇರೆ ಬಾಗಿಲು ತಟ್ಟುತ್ತಾರೆ. ಕೊನೆಗೆ ಎದೆ ತೆರೆದು ಆ ಕವಚವನ್ನು ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಇವರಿಗಾಗಿ ದುಡಿದವರಲ್ಲಿ ನಾನು ಮೊದಲು ನೆನೆಯುವ ಹೆಸರು ದಕ್ಷಿಣ ಆಫ್ರಿಕಾದ ಬೊಂಗಾನಿ ಮಯೋಸಿ ಅವರದು. ಕೇಪ್‌ಟೌನ್‌ನ ಈ ಹೃದ್ರೋಗ ತಜ್ಞರು ಆಫ್ರಿಕಾದ ಎಂಟು ದೇಶಗಳ 1,400 ರೋಗಿಗಳನ್ನು ಒಳಗೊಂಡ ಅಧ್ಯಯನವನ್ನು ಮುನ್ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಷಯದ ಮದ್ದಿನ ಜೊತೆಗೆ ಸ್ಟಿರಾಯ್ಡ್ ಕೊಟ್ಟರೆ ಜೀವ ಉಳಿಯುತ್ತದೆಯೇ ಎಂಬುದು ಪ್ರಶ್ನೆ. ಸಾವು, ತುರ್ತಾಗಿ ನೀರು ತೆಗೆಯಬೇಕಾದ ಸ್ಥಿತಿ, ಕವಚ ಕಟ್ಟುವುದು ಈ ಮೂರನ್ನೂ ಸೇರಿಸಿ ನೋಡಿದಾಗ ಲಾಭ ಕಾಣಲಿಲ್ಲ. ಆದರೆ ಕವಚ ಕಟ್ಟುವುದು ಮಾತ್ರ ಶೇ 7.8ರಿಂದ ಶೇ 4.4ಕ್ಕೆ ಇಳಿಯಿತು. ಇದೇ ಅಧ್ಯಯನದಲ್ಲಿ ಭಾರತದ್ದೂ ಒಂದು ಪಾಲಿತ್ತು. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಅವರ ತಂಡ ಕುಷ್ಠರೋಗಕ್ಕೆಂದು ರೂಪಿಸಿದ, ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾಣಿ ಎಂಬ ಸೂಕ್ಷ್ಮಾಣುವಿನಿಂದ ಮಾಡಿದ ಚುಚ್ಚುಮದ್ದನ್ನು ಅಲ್ಲಿ ಪರೀಕ್ಷಿಸಿದರು. ಪ್ರಯೋಜನವಾಗಲಿಲ್ಲ. ಆಗದು ಎಂದು ಖಚಿತವಾಗಿ ತಿಳಿದದ್ದೇ ದೊಡ್ಡ ಲಾಭ. ಮಯೋಸಿ 2018ರಲ್ಲಿ ತೀರಿಕೊಂಡರು. ಅವರ ಅಧ್ಯಯನದಿಂದ ಷೇರುಪೇಟೆಯಲ್ಲಿ ಯಾವ ಕಂಪನಿಯ ಬೆಲೆಯೂ ಏರಲಿಲ್ಲ. ಆದರೆ ಅದು ಹೇಳಿದ ಮಾತನ್ನು ಇವತ್ತಿಗೂ ಬೆಂಗಳೂರಿನ ವೈದ್ಯರೂ ಕೇಪ್‌ಟೌನ್‌ನ ವೈದ್ಯರೂ ರೋಗಿಯ ಹಾಸಿಗೆಯ ಪಕ್ಕ ನಿಂತು ತೂಗಿ ನೋಡುತ್ತಾರೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಹೃದಯದ ಚೀಲದ ಕ್ಷಯವನ್ನು ಪತ್ತೆಹಚ್ಚುವುದು ಶ್ವಾಸಕೋಶದ ಕ್ಷಯಕ್ಕಿಂತ ಕಷ್ಟ, ಯಾಕೆಂದರೆ ತೆಗೆದ ನೀರಿನಲ್ಲಿ ರೋಗಾಣು ಕಡಿಮೆ. ಸೂಕ್ಷ್ಮದರ್ಶಕಕ್ಕೆ ಬಹಳ ಸಲ ಸಿಗುವುದೇ ಇಲ್ಲ. ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಹಲವರಲ್ಲಿ ಹಿಡಿಯುತ್ತದೆ, ಎಲ್ಲರಲ್ಲಿ ಅಲ್ಲ. ಆ ನೀರಿನಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ 40 ದಾಟಿದರೆ ಕ್ಷಯದ ಶಂಕೆ ಬಲವಾಗುತ್ತದೆ. ಅಗ್ಗದ ಪರೀಕ್ಷೆ, ತಾಲ್ಲೂಕಿನಿಂದ ಮಾದರಿ ಕಳಿಸಿಯೂ ಮಾಡಿಸಬಹುದು. ಕ್ಷಯದ ಮದ್ದು ಸರ್ಕಾರದಿಂದ ಉಚಿತ. 2024ರ ನವೆಂಬರ್‌ನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಸೇರುತ್ತದೆ. ಇಷ್ಟೆಲ್ಲ ಇದ್ದೂ ರೋಗಿ ಸೋಲುವುದು ಯಾವ ಹಂತದಲ್ಲಿ? ನನಗೆ ತೋರುವಂತೆ ಎಕೋ ಆಗುವ ಮುಂಚಿನ ವಾರಗಳಲ್ಲಿ. ಏದುಸಿರು, ಸಂಜೆ ಜ್ವರ, ಕಾಲು ಬಾವು ಎಂದು ಬಂದವರಿಗೆ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸಿದ ವಾರಗಳಲ್ಲಿ. ಇದಕ್ಕೆ ಹೊಸ ಮದ್ದು ಕಂಡುಹಿಡಿಯಬೇಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸರ್ಕಾರದ ಮುಂದೆ. ಕ್ಷಯದ ಲೆಕ್ಕ ಇಡುವಾಗ ಹೃದಯದ ಚೀಲದ ಕ್ಷಯವನ್ನು ಪ್ರತ್ಯೇಕವಾಗಿ ಎಣಿಸಿ, ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಆಸ್ಪತ್ರೆ ನಡೆಸುತ್ತಿರುವ ಜಯದೇವದಂಥ ಸಾರ್ವಜನಿಕ ಸಂಸ್ಥೆಗಳಿಗೆ ಬರುವ ರೋಗಿಗಳ ಸಂಖ್ಯೆ ದೊಡ್ಡದು. ಟ್ಯೂರಿನ್‌ನವರು, ಕೇಪ್‌ಟೌನ್‌ನವರು ಕೇಳಿದಂಥ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವಷ್ಟು ಅನುಭವ ಅಲ್ಲಿದೆ. ಕ್ಷಯದಿಂದ ಚೀಲ ಕೆಟ್ಟವರಲ್ಲಿ ಕವಚ ಕಟ್ಟದಂತೆ ತಡೆಯಲು ಅಗ್ಗದ ಕಾಲ್ಚಿಸಿನ್ ನೆರವಾದೀತೇ ಎಂಬ ಪ್ರಶ್ನೆಗೆ ದೊಡ್ಡ ಅಧ್ಯಯನದ ಉತ್ತರ ಬೇಕು. ಲಾಭವಿಲ್ಲದ ಆ ಅಧ್ಯಯನಕ್ಕೆ ಕಂಪನಿ ಹಣ ಹಾಕುವುದಿಲ್ಲ. ಹಾಕಬೇಕಾದದ್ದು ನಮ್ಮ ತೆರಿಗೆಯ ಹಣ.

ಓದುಗರಿಗೂ ಒಂದು ಮಾತು. ಎದೆನೋವು ಬಂದರೆ ಯಾವ ನೋವೆಂದು ಮನೆಯಲ್ಲೇ ತೀರ್ಮಾನಿಸಬೇಡಿ, ಮೊದಲು ಇಸಿಜಿ ಆಗಲಿ. ಪೆರಿಕಾರ್ಡೈಟಿಸ್ ಎಂದು ವೈದ್ಯರು ಮೂರು ತಿಂಗಳಿಗೆ ಕಾಲ್ಚಿಸಿನ್ ಬರೆದಿದ್ದರೆ, ನೋವು ಹೋಯಿತೆಂದು ಮೂರನೇ ವಾರಕ್ಕೆ ಬಿಡಬೇಡಿ. ಮೂತ್ರಪಿಂಡದ ತೊಂದರೆ ಇದ್ದರೆ, ಆ್ಯಂಟಿಬಯಾಟಿಕ್‌ನಂಥ ಬೇರೆ ಮದ್ದು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಕಾಲ್ಚಿಸಿನ್‌ನ ಅಳತೆ ತಪ್ಪಿದರೆ ಅಪಾಯ. ಸ್ಟಿರಾಯ್ಡನ್ನು ತಾವಾಗಿ ಶುರುಮಾಡುವುದೂ ಬೇಡ, ತಾವಾಗಿ ನಿಲ್ಲಿಸುವುದೂ ಬೇಡ. ಕ್ಷಯದ ಮದ್ದಾದರೆ ಕೊನೆಯ ಮಾತ್ರೆಯವರೆಗೂ ನುಂಗಿ.